ಲಾರ್ನಾ ಶಿರ್ಮರ್ ಬರೆದ ಏಳು ನಿಲ್ದಾಣ

ನಮ್ಮ ಕಡೆ ಶಾಲೆಯ ಬಸ್ಸು ಊರಿನಲ್ಲಿ ಮಲಗುವುದಿಲ್ಲ. ಶಾಲೆಗೆ ಅತಿ ದೂರದ ಮಗು ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿನ ಕೊನೆಯ ಹೊಲದ ಮನೆಯಲ್ಲಿ, ಟ್ರ್ಯಾಕ್ಟರಿನ ಪಕ್ಕ, ಶೆಡ್ಡಿನೊಳಗೆ ಮಲಗುತ್ತದೆ. ಆ ಮನೆಯವರೇ ಬೆಳಿಗ್ಗೆ ಅದನ್ನು ಹೊರಡಿಸಿ, ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ಕುರಾಬಿನ್ ಶಾಲೆ ಮುಟ್ಟಿಸುತ್ತಾರೆ. ಬಸ್ಸು ಯಾರ ಶೆಡ್ಡಿನಲ್ಲಿದೆಯೋ ಅವರ ಮಾತಿಗೆ ಊರಿನಲ್ಲಿ ಒಂದು ತೂಕ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಇಪ್ಪತ್ನಾಲ್ಕು ವರ್ಷ ಆ ಬಸ್ಸು ಲಾರ್ನಾ ಶಿರ್ಮರಳ ಶೆಡ್ಡಿನಲ್ಲಿ ಮಲಗಿತ್ತು.

ಲಾರ್ನಾ ಈ ವಿಮ್ಮೆರಾ ಸೀಮೆಗೆ ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷ. ಗಂಡ ಕ್ಲೆಮ್‌ನದು ಗೋಧಿ ಹೊಲ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಒಮ್ಮೆ ಅತ್ತಳು, ಆಮೇಲೆ ಅಳಲಿಲ್ಲ. ಮೂವತ್ತೇಳನೆಯ ವಯಸ್ಸಿನಲ್ಲಿ ಬಸ್ಸು ಓಡಿಸುವ ಪರವಾನಗಿ ತೆಗೆದುಕೊಂಡಳು, ಮತ್ತು ಒಂದೇ ಬೆಳಗಿನಲ್ಲಿ ಇಪ್ಪತ್ತಾರು ಮಕ್ಕಳ ತಾಯಿಯಾದಳು ಎಂದು ಅವಳೇ ನಗುತ್ತಾ ಹೇಳಿಕೊಳ್ಳುತ್ತಿದ್ದಳು. ನಗು ಬರೀ ತೋರಿಕೆಗೆ, ಮಾತು ಮಾತ್ರ ನಿಜ. ಯಾವ ಹುಡುಗಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವ ಹುಡುಗ ಮನೆಯಲ್ಲಿ ಪೆಟ್ಟು ತಿಂದು ಬಂದಿದ್ದಾನೆ, ಯಾರ ಡಬ್ಬಿಯಲ್ಲಿ ಇವತ್ತೂ ಬರೀ ಬ್ರೆಡ್ಡು, ಎಲ್ಲ ಅವಳಿಗೆ ಕನ್ನಡಿಯಲ್ಲೇ ತಿಳಿಯುತ್ತಿತ್ತು.

ನಿಲ್ದಾಣಗಳನ್ನು ಗುರುತಿಸಿದವಳೂ ಅವಳೇ. ಬೀಜದ ಕಂಪನಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಏಳು ನಿಲ್ದಾಣ. ಬೆಳಗಿನ ಬಿಸಿಲು ಡ್ರೈವರನ ಕಣ್ಣಿಗೆ ಹೊಡೆಯುವ ಕಡೆ ಬೇಡ, ದಿಬ್ಬದ ಆಚೆ ಬೇಡ, ಮಳೆ ಬಂದರೆ ಚಕ್ರ ಹೂತುಹೋಗುವ ಕರಿಮಣ್ಣಿನ ಅಂಚು ಬೇಡ. ಇವೆಲ್ಲ ಅವಳು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಕೆಸ್ಲರ್ ಮೂಲೆಯೊಂದೇ ಕಷ್ಟದ್ದು. ಅಲ್ಲಿ ಹಳೆಯ ಸಿಮೆಂಟು ನೀರಿನ ಟ್ಯಾಂಕಿಗೆ ಬಾಗಿಲು ಕೊರೆದು ಮಕ್ಕಳು ನಿಲ್ಲಲು ನೆರಳು ಮಾಡಿದ್ದರು, ಆದರೆ ರಡಕ್ ಮನೆಯ ಕಡೆಯ ಮಕ್ಕಳು ಹೆದ್ದಾರಿ ದಾಟಿ ಬರಬೇಕಿತ್ತು. ಲಾರ್ನಾ ದಿನಾ ಬಸ್ಸಿನಿಂದ ಇಳಿದು, ಎರಡೂ ಕಡೆ ನೋಡಿ, ಕೈ ಅಡ್ಡ ಚಾಚಿ, ಕೋಳಿಮರಿಗಳನ್ನು ದಾಟಿಸುವಂತೆ ದಾಟಿಸುತ್ತಿದ್ದಳು. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಮಗುವಿಗೂ ಒಂದು ತರಚು ಗಾಯವಾಗಲಿಲ್ಲ.

ಇದಲ್ಲದೆ ಇನ್ನೊಂದು ಕೆಲಸವಿತ್ತು, ಅದೂ ಅವಳದೇ. ನವೆಂಬರಿನಲ್ಲಿ ಕೊಯ್ಲು ಶುರುವಾದರೆ ಗೋಧಿ ಲಾರಿಗಳು ಹಗಲೆಲ್ಲ ಕಾಳು ತುಂಬಿಡುವ ಸೈಲೋ ಕಡೆ ಓಡುತ್ತವೆ. ಅರ್ಧ ಡ್ರೈವರುಗಳು ಬೇರೆ ಊರಿನವರು. ಸೈಲೋದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಪಕ್ಕದ ಗೋಡೆಗೆ ಒಂದು ಕರಿಹಲಗೆ ಇದೆ. ಪ್ರತಿ ವರ್ಷ ಕೊಯ್ಲಿನ ಮೊದಲ ದಿನ ಲಾರ್ನಾ ಹೋಗಿ ಅದರ ಮೇಲೆ ಏಳು ನಿಲ್ದಾಣ, ಏಳು ಹೊತ್ತು ಬರೆಯುತ್ತಿದ್ದಳು. ಸರದಿಗೆ ಕಾಯುವ ಡ್ರೈವರುಗಳು ಅದನ್ನು ಓದುತ್ತಾರೆ, ಆ ಹೊತ್ತಿಗೆ ಆ ಜಾಗದಲ್ಲಿ ಕಾಲು ಬ್ರೇಕಿನ ಮೇಲಿಡುತ್ತಾರೆ. ಉಳಿದ ಕಡೆ ಯಾರೂ ನಿಧಾನ ಮಾಡುವುದಿಲ್ಲ. ನಮ್ಮವರಿಗೆ ರಸ್ತೆಯ ಸೂಚನಾ ಫಲಕಕ್ಕಿಂತ ಆ ಹಲಗೆಯ ಮೇಲೆ ನಂಬಿಕೆ ಹೆಚ್ಚು. ಪಟ್ಟಿ ಎಂದೂ ಬದಲಾಗದ್ದರಿಂದ ಲಾರ್ನಾ ಬರೆಯುವುದೆಂದರೆ ಹೋದ ವರ್ಷದ ಮಾಸಿದ ಅಕ್ಷರಗಳ ಮೇಲೆ ಸೀಮೆಸುಣ್ಣ ಎಳೆಯುವುದು, ಅಷ್ಟೆ.

ಹಾಗಿರುವಾಗ ಇಮೋಜೆನ್ ಫಾಹಿ ಬಂದಳು.

ಮೂವತ್ನಾಲ್ಕರ ಹೆಂಗಸು. ಗಂಡ ಆಸ್ಪತ್ರೆಯಲ್ಲಿ ನರ್ಸು. ಮೂರು ಮಕ್ಕಳನ್ನು ಕಟ್ಟಿಕೊಂಡು ಮೆಲ್ಬರ್ನಿನಿಂದ ಬಂದವರು ಉತ್ತರ ದಿಕ್ಕಿನ ಕೊಟ್ಟಕೊನೆಯ ಹಾಳು ಮನೆ ಕೊಂಡುಕೊಂಡರು. ಇನ್ನೆಲ್ಲೂ ಮನೆ ಸಿಗಲಿಲ್ಲವೇ ಇವರಿಗೆ ಎಂದು ಲಾರ್ನಾ ಮೊದಲ ದಿನವೇ ಮೂಗು ಮುರಿದಳು, ಏಕೆಂದರೆ ಲೆಕ್ಕ ಅವಳಿಗೆ ಕೂಡಲೇ ಹೊಳೆಯಿತು: ಅತಿ ದೂರದ ಮಕ್ಕಳು ಈಗ ಉತ್ತರದಲ್ಲಿದ್ದಾರೆ. ದಕ್ಷಿಣದ ತನ್ನ ಕಡೆ ಉಳಿದಿರುವುದು ಇಬ್ಬರೇ. ಸಾಲದ್ದಕ್ಕೆ ಇಮೋಜೆನ್ ನಗರದಲ್ಲಿ ಬಸ್ಸಿನ ದಾರಿ, ವೇಳೆ ಗೊತ್ತುಮಾಡುವ ಕಚೇರಿಯಲ್ಲೇ ಎಂಟು ವರ್ಷ ಇದ್ದವಳು. ಬಸ್ಸಿನ ಪರವಾನಗಿಯೂ ಇತ್ತು. ದೇವರು ಒಬ್ಬಳಿಗೇ ಎಲ್ಲ ಕೊಡುವಾಗ ಒಂದು ಮಾತು ಕೇಳಬಾರದೇ!

ಆಗಸ್ಟಿನಲ್ಲಿ ಶಾಲೆಯ ಸಮಿತಿ ಬಸ್ಸಿನ ದಾರಿಯನ್ನು ಹೊಸದಾಗಿ ನೋಡಬೇಕೆಂದಿತು. ಸಭೆಗೆ ಲಾರ್ನಾ ತನ್ನ ಕ್ಯಾಲೆಂಡರ್ ತಂದಳು, ಜೊತೆಗೆ ತಾನೇ ಮಾಡಿದ ಎರಡು ತಟ್ಟೆ ಲ್ಯಾಮಿಂಗ್ಟನ್ ಕೇಕು. ಇಮೋಜೆನ್ ಬಣ್ಣದ ನಕ್ಷೆ ತಂದಳು, ಜೊತೆಗೆ ಅಂಗಡಿಯ ಬಿಸ್ಕತ್ತು. ಅಂಗಡಿಯ ಬಿಸ್ಕತ್ತು! ಅದನ್ನೂ ಜನ ತಿಂದರು.

ಇಮೋಜೆನ್ ಎರಡು ವಾರ ಒಂದೊಂದು ನಿಲ್ದಾಣದಲ್ಲೂ ಬೆಳಿಗ್ಗೆ ನಿಂತು, ಎದುರಿನಿಂದ ಬರುವ ಗಾಡಿ ಎಷ್ಟು ದೂರದಿಂದ ಕಾಣುತ್ತದೆ ಎಂದು ಅಳೆದಿದ್ದಳು. ಏಳರಲ್ಲಿ ಆರನ್ನು ಇದ್ದಂತೆಯೇ ಬಿಟ್ಟಿದ್ದಳು.

"ಈ ಆರು ಜಾಗ ನಾನೇ ಹುಡುಕಿದ್ರೂ ಇದಕ್ಕಿಂತ ಒಳ್ಳೇದು ಸಿಗ್ತಿರಲಿಲ್ಲ," ಎಂದಳು ಲಾರ್ನಾಳ ಕಡೆ ತಿರುಗಿ. "ಕೆಸ್ಲರ್ ಮೂಲೆ ಒಂದೇ ನಂಗೆ ಭಯ. ಮಕ್ಕಳು ಹೆದ್ದಾರಿ ದಾಟ್ಬೇಕು. ಬಸ್ಸು ಸೈಲೋ ರಸ್ತೆಗೆ ಒಂದು ಸುತ್ತು ಹಾಕಿ ಬಂದ್ರೆ, ರಡಕ್ ಅವರ ಹಿಂದಿನ ಗೇಟ್ ಹತ್ರಾನೇ ಹತ್ತಿಸ್ಕೋಬಹುದು. ಯಾರೂ ರಸ್ತೆ ದಾಟೋದೇ ಬೇಡ."

"ಇಪ್ಪತ್ನಾಲ್ಕು ವರ್ಷದಿಂದ ನಾನೇ ಇಳಿದು ದಾಟಿಸ್ತಿದ್ದೀನಮ್ಮ," ಎಂದಳು ಲಾರ್ನಾ.

"ಗೊತ್ತು. ಆದ್ರೆ ಅದು ನೀವು ಒಳ್ಳೆಯವರು ಅಂತ ತೋರಿಸುತ್ತೆ ಲಾರ್ನಾ, ರಸ್ತೆ ಒಳ್ಳೇದು ಅಂತ ಅಲ್ಲ. ನಾಳೆ ನಿಮಗೆ ಜ್ವರ ಬಂದ್ರೆ?"

ಹೊಗಳಿದ್ದೋ ತೆಗಳಿದ್ದೋ ತಿಳಿಯದೆ ಲಾರ್ನಾ ತನ್ನದೇ ಲ್ಯಾಮಿಂಗ್ಟನ್ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಧ್ಯಕ್ಷ ನೆವಿಲ್ ಕ್ರೋ ಕೊಯ್ಲಿನ ಲಾರಿಗಳ ಮಾತೆತ್ತಿದ. ಸೈಲೋ ರಸ್ತೆ ಚಳಿಗಾಲದಲ್ಲಿ ನಾಯಿಯೂ ಓಡಾಡದ ದಾರಿ, ಕೊಯ್ಲಿನಲ್ಲಿ ಹಾಗಲ್ಲ. ಅದಕ್ಕೆ ಅವನೇ ಉತ್ತರವನ್ನೂ ಹೇಳಿದ: "ಅದೇನು ಬಿಡಿ, ಹಲಗೆ ಮೇಲೆ ಲಾರ್ನಾ ಬರೀತಾಳೆ. ಡ್ರೈವರುಗಳು ಎಂಟೂ ಐದಕ್ಕೆ ಅಲ್ಲೇ ನಿಧಾನ ಮಾಡ್ತಾರೆ." ಹೊಸ ನಿಲ್ದಾಣಕ್ಕೂ, ಬಸ್ಸು ಇನ್ನು ಫಾಹಿ ಮನೆಯಲ್ಲಿ ಮಲಗುವುದಕ್ಕೂ ಎಲ್ಲರೂ ಕೈ ಎತ್ತಿದರು. ರಡಕ್ ಮನೆಯ ಪುಟ್ಟ ಹುಡುಗಿ ವಿನ್ನಿಯ ತಾಯಿ ಟೀಗನ್ ಎಲ್ಲರಿಗಿಂತ ಮೊದಲು ಎತ್ತಿದಳು. ಟೀಗನ್ ಏಳು ವರ್ಷದವಳಿದ್ದಾಗಿನಿಂದ ಲಾರ್ನಾಳ ಬಸ್ಸಿನಲ್ಲೇ ಶಾಲೆಗೆ ಹೋಗಿ ದೊಡ್ಡವಳಾದ ಹುಡುಗಿ. ಅವಳ ಕೈ ಮೇಲೆ ಹೋದದ್ದು ಲಾರ್ನಾಳಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಅಕ್ಟೋಬರಿನಲ್ಲಿ ಬಸ್ಸು ಉತ್ತರಕ್ಕೆ ಹೋಯಿತು. ಇಮೋಜೆನ್ ಬಂದು ಕೀ ತೆಗೆದುಕೊಂಡು ಹೋದ ಮೇಲೆ ಲಾರ್ನಾ ಶೆಡ್ಡಿನೊಳಗೆ ಸುಮ್ಮನೆ ನಿಂತಳು. ಖಾಲಿ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಅಂದಿನಿಂದ ಶಿರ್ಮರ್ ಮನೆಯಲ್ಲಿ ಬಸ್ಸಿನ ಮಾತಿಲ್ಲ. ಕ್ಲೆಮ್ ಒಂದೆರಡು ಬಾರಿ ಬಾಯಿ ತೆರೆದು ಉಗಿಸಿಕೊಂಡು ಕಲಿತುಕೊಂಡ.

ಆದರೆ ಲಾರ್ನಾಳ ಕಣ್ಣಿಗೆ ಕಾಣುತ್ತಿದ್ದುದೆಲ್ಲ ಅದೇ. ದಿನಸಿ ಅಂಗಡಿಯಲ್ಲಿ ಮಕ್ಕಳು "ಇಮ್ಮಿ ಹೀಗಂದ್ಲು, ಇಮ್ಮಿ ಹಾಗಂದ್ಲು" ಎನ್ನುತ್ತಿದ್ದವು. ಇಮ್ಮಿಯಂತೆ! ತನ್ನನ್ನು ಮಿಸೆಸ್ ಶಿರ್ಮರ್ ಎಂದೇ ಕರೆಯಬೇಕು ಎಂದು ಕಲಿಸಿದವಳು ತಾನೇ ಎಂಬುದು ಅವಳಿಗೆ ಆಗ ನೆನಪಾಗಲಿಲ್ಲ. ಬಸ್ಸಿನಲ್ಲಿ ಈಗ ಹಾಡು ಹಾಕುತ್ತಾರೆ. ವಾಂತಿಯ ಹುಡುಗಿಯನ್ನು ಇಮೋಜೆನ್ ಮುಂದಿನ ಸೀಟಿನಲ್ಲಿ ಕೂರಿಸುತ್ತಾಳಂತೆ, ವಾಂತಿ ನಿಂತಿದೆಯಂತೆ. ಅದೊಂದು ತನಗೆ ಯಾಕೆ ಹೊಳೆಯಲಿಲ್ಲ? ಹೊಳೆಯದ್ದಕ್ಕೂ ಅವಳಿಗೆ ಸಿಟ್ಟು ಇಮೋಜೆನ್‌ಳ ಮೇಲೆಯೇ ಬಂತು. ಹೊಟ್ಟೆಕಿಚ್ಚು ಎಂಬುದು ನ್ಯಾಯ ಅನ್ಯಾಯ ನೋಡಿ ಉರಿಯುವುದಿಲ್ಲ.

ನವೆಂಬರಿನ ಮೊದಲ ಭಾನುವಾರ ಇಮೋಜೆನ್ ಮನೆಗೇ ಬಂದಳು. ಕೈಯಲ್ಲಿ ಅಚ್ಚು ಹಾಕಿದ ಪಟ್ಟಿ.

"ನಾಳೆ ಕೊಯ್ಲು ಶುರು ಅಂತೆ. ಹಲಗೆ ಮೇಲೆ ಬರೆಯೋದು ನಿಮ್ಮ ಕೆಲಸ ಅಂದ್ರು. ನಾನೇ ಬರೆಯೋಣ ಅಂತಿದ್ದೆ. ನೆವಿಲ್ ಅಂದ, ನಿನ್ನ ಅಕ್ಷರ ಕಂಡ್ರೆ ಯಾರೂ ಓದಲ್ಲ, ಲಾರ್ನಾದು ಇದ್ರೆ ಓದ್ತಾರೆ ಅಂತ." ಅವಳು ನಕ್ಕಳು. "ಏಳನೇದು ಮಾತ್ರ ಬದಲು."

"ನೋಡ್ಕೋತೀನಿ," ಎಂದಳು ಲಾರ್ನಾ. ಒಳಗೆ ಬಾ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಸೈಲೋ ಹತ್ತಿರ ಲಾರಿಗಳ ಸಾಲು ಆಗಲೇ ನಿಂತಿತ್ತು. ಲಾರ್ನಾ ಪಟ್ಟಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಒಂದು, ಎರಡು, ಮೂರು, ಹಳೆಯ ಗೆರೆಗಳ ಮೇಲೆ ಸೀಮೆಸುಣ್ಣ ತಾನಾಗಿ ಓಡಿತು. ಏಳನೆಯದಕ್ಕೆ ಬಂದಾಗ ಹಿಂದಿನಿಂದ ಒಬ್ಬ ಹಳೆಯ ಡ್ರೈವರು ಕೂಗಿದ: "ಏನ್ ಲಾರ್ನಾ, ಬಸ್ಸು ಕಿತ್ಕೊಂಡ್ರಂತಲ್ಲ? ಆ ಪಟ್ಟಣದವಳು ನಿಲ್ದಾಣಾನೂ ಕಿತ್ಕೊಂಡ್ಲಾ?"

ಸಾಲಿನಲ್ಲಿದ್ದವರು ನಕ್ಕರು.

"ನಿಲ್ದಾಣ ನಂದೇ," ಎಂದಳು ಲಾರ್ನಾ. "ಯಾವುದೂ ಬದಲಾಗಿಲ್ಲ." ಮತ್ತು ಮಾಸಿದ ಅಕ್ಷರದ ಮೇಲೆ ದಪ್ಪಗೆ ಎಳೆದಳು: ಕೆಸ್ಲರ್ ಮೂಲೆ, ೮.೦೫.

ಪಿಕಪ್ಪಿನಲ್ಲಿ ಕೂತ ಮೇಲೆ, ನಾಳೆ ಬಂದು ಸರಿ ಮಾಡಿದರಾಯಿತು ಎಂದುಕೊಂಡಳು. ಮಂಗಳವಾರ ಹೋದಳು ಕೂಡ. ಅದೇ ಡ್ರೈವರು ಮತ್ತೆ ಸಾಲಿನಲ್ಲಿದ್ದ. ಅವನ ಎದುರಿಗೆ ಅಳಿಸಿ ಬರೆದರೆ ನಿನ್ನೆಯ ಮಾತು ಮುರಿದಂತೆ. ಗಾಡಿ ತಿರುಗಿಸಿಕೊಂಡು ಬಂದಳು. ಒಳಗೆ ಇನ್ನೂ ಒಂದು ಯೋಚನೆ ಇತ್ತು, ಅದನ್ನು ಅವಳು ಪೂರ್ತಿ ಯೋಚಿಸಲು ಬಿಡಲಿಲ್ಲ: ಒಂದು ಲಾರಿ ಜೋರಾಗಿ ಪಕ್ಕದಲ್ಲಿ ಹಾದುಹೋಗಲಿ, ಅವಳ ಎದೆ ಒಮ್ಮೆ ಧಸಕ್ಕೆನ್ನಲಿ, ಆಗ ತಿಳಿಯುತ್ತದೆ ಬಣ್ಣದ ನಕ್ಷೆಯ ಬೆಲೆ. ಇಮೋಜೆನ್‌ಳ ಎದೆ, ಅಷ್ಟೇ. ಮಕ್ಕಳ ಮುಖ ಆ ಯೋಚನೆಯೊಳಗೆ ಬರದಂತೆ ನೋಡಿಕೊಂಡಿದ್ದಳು.

ಬುಧವಾರ ಬೆಳಿಗ್ಗೆ ಕ್ಲೆಮ್ ಚಹಾ ಕುಡಿಯುತ್ತಾ ಹೆದರಿಕೊಂಡೇ ಕೇಳಿದ: "ಲಾರ್ನ್, ಬೈಬೇಡ. ರಡಕ್ ಕಡೆ ಸ್ಟಾಪ್ ಬದಲಾಗಿದೆ ಅಂತಾರಲ್ಲ, ಹೌದಾ? ಇವತ್ತು ನಮ್ಮ ಮೊದಲ ಲೋಡು."

"ಹಲಗೆ ಮೇಲೆ ಏನಿದ್ಯೋ ಅದೇ," ಎಂದು ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆದಳು.

ಕ್ಲೆಮ್ ಮುಂಜಾನೆಯೇ ಒಂದು ಲೋಡು ಸುರಿದು, ಹಲಗೆ ಓದಿ ಬಂದ. ಎರಡನೆಯ ಲೋಡಿನಲ್ಲಿ ಎಂಟೂ ಐದಕ್ಕೆ ಸರಿಯಾಗಿ ಕೆಸ್ಲರ್ ಮೂಲೆಯಲ್ಲಿ ನಿಧಾನ ಮಾಡಿದ, ಖಾಲಿ ಟ್ಯಾಂಕಿನ ಕಡೆ ನೋಡಿದ. ಮಕ್ಕಳಿಲ್ಲ. ಆಮೇಲೆ ಸೈಲೋ ರಸ್ತೆಗೆ ತಿರುಗಿ, ಇನ್ನು ಯಾವ ನಿಲ್ದಾಣವೂ ಇಲ್ಲವೆಂದು ವೇಗ ಏರಿಸಿದ. ಮುಂದಿನ ಲಾರಿಯ ಧೂಳು ಗೋಡೆಯಂತೆ ಎದ್ದಿತ್ತು. ಆ ಧೂಳಿನೊಳಗೆ ರಸ್ತೆಯಂಚಿನಲ್ಲಿ ಆರು ವರ್ಷದ ವಿನ್ನಿ ರಡಕ್ ಇನ್ನೂ ಬಾರದ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಟೀಗನ್ ಕುರಿ ನುಗ್ಗದಂತೆ ಗೇಟು ಹಾಕಲು ಎರಡು ಹೆಜ್ಜೆ ಹಿಂದೆ ಹೋಗಿದ್ದಳು.

ಕ್ಲೆಮ್ ಸ್ಟೀರಿಂಗ್ ಪೂರ್ತಿ ತಿರುಗಿಸಿದ. ಲಾರಿ ಉಳಿಯಿತು, ಹಿಂದಿನ ಟ್ರೇಲರು ಚರಂಡಿಗೆ ಮಗುಚಿತು, ಗೋಧಿಯೆಲ್ಲ ರಸ್ತೆಗೆ ಬಿತ್ತು. ವಿನ್ನಿ ಹಿಂದಕ್ಕೆ ಹಾರಿ ತಂತಿಬೇಲಿಗೆ ಬಿದ್ದಳು. ಗಲ್ಲಕ್ಕೆ ಐದು ಹೊಲಿಗೆ. ಐದೇ. ಇನ್ನೊಂದು ಮೊಳ ಆ ಕಡೆ ಆಗಿದ್ದರೆ ಏನಾಗುತ್ತಿತ್ತೆಂದು ಆ ದಿನ ಊರಿನಲ್ಲಿ ಹೇಳದವರಿಲ್ಲ.

ಲಾರ್ನಾಳಿಗೆ ಫೋನು ಬಂತು. ಅವಳು ಮಗುವಿನ ಹತ್ತಿರ ಹೋಗಲಿಲ್ಲ, ಗಂಡನ ಹತ್ತಿರ ಹೋಗಲಿಲ್ಲ. ನೇರ ಸೈಲೋಗೆ ಹೋದಳು. ಎಲ್ಲರೂ ಸಲಿಕೆ ಹಿಡಿದು ರಸ್ತೆಗೆ ಓಡಿದ್ದರು, ವೇಬ್ರಿಡ್ಜ್ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಿಯ ತೋಳಿನಿಂದಲೇ ಏಳನೆಯ ಸಾಲು ಉಜ್ಜಿ ಅಳಿಸಿ ಬರೆದಳು: ರಡಕ್ ಹಿಂದಿನ ಗೇಟು, ೮.೦೫. ಅಕ್ಷರ ಸೊಟ್ಟಗೆ ಬಂತು.

ಮಧ್ಯಾಹ್ನ ಕ್ಲೆಮ್ ಬಂದ. ಟೊಪ್ಪಿ ತೆಗೆಯದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತ.

"ಪೊಲೀಸರು ಕೇಳಿದ್ರು, ಹಲಗೆ ನೋಡಿದ್ಯಾ ಅಂತ. ನೋಡಿರಲಿಲ್ಲ ಅಂದೆ."

ಲಾರ್ನಾ ಒಲೆಯ ಮೇಲಿನ ಕೆಟಲ್ ಇಳಿಸಿದಳು.

"ನಲವತ್ತು ವರ್ಷ ಲಾರಿ ಓಡಿಸಿದ್ದೀನಿ, ಹಲಗೆ ಓದದೆ ಹೊರಟವನಲ್ಲ. ಅದು ಊರಿಗೆಲ್ಲ ಗೊತ್ತು. ಆದ್ರೂ ನಂಬಿದ್ರು. ವಯಸ್ಸಾಯ್ತಲ್ಲ, ಮರೆತಿರ್ತಾನೆ ಅಂದ್ಕೊಂಡ್ರು." ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ: "ವಾಪಸ್ ಬರೋವಾಗ ನೋಡಿದೆ ಲಾರ್ನ್. ಬೇರೆ ಬರೆದಿದೆ. ನಿನ್ನ ತೋಳು ನೋಡ್ಕೋ."

ಅಂಗಿಯ ತೋಳು ಮೊಣಕೈವರೆಗೆ ಬೆಳ್ಳಗಿತ್ತು.

ಶುಕ್ರವಾರ ಸಂಜೆ ಐದಕ್ಕೆ ಸಭಾಭವನದಲ್ಲಿ ಸಭೆ. ಬಿಸಿಲು ಇನ್ನೂ ಇತ್ತು, ಕಿಟಕಿಯಾಚೆ ಚೆಲ್ಲಿದ ಗೋಧಿ ತಿಂದು ಕೊಬ್ಬಿದ ಗಲಾ ಗಿಳಿಗಳು ಕಿರುಚುತ್ತಿದ್ದವು. ಹಲಗೆ ಓದಿದ್ದ ಡ್ರೈವರುಗಳೆಲ್ಲ ಇನ್ನೂ ಕೊಯ್ಲಿನ ಲಾರಿಗಳಲ್ಲೇ ಇದ್ದರು. ಜನರ ಬಾಯಿಗೆ ಬೀಗವಿರಲಿಲ್ಲ. ಪಟ್ಟಣದಲ್ಲಿ ಕಲಿತ ಬುದ್ಧಿ ಇಲ್ಲಿ ನಡೆಯಲ್ಲ ಎಂದರು. ಲಾರ್ನಾಳ ಕಾಲದಲ್ಲಿ ಇಂಥದ್ದು ಆಗಿತ್ತೇ ಎಂದರು. ಕ್ಲೆಮ್‌ನನ್ನೂ ಬಿಡಲಿಲ್ಲ, ಕಣ್ಣು ಮಂಜಾದವನ ಕೈಗೆ ಲಾರಿ ಯಾಕೆ ಎಂದರು. ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಇಮೋಜೆನ್ ಎದ್ದು ನಿಂತಳು. ಎರಡು ರಾತ್ರಿ ನಿದ್ದೆ ಮಾಡದ ಮುಖ.

"ತಪ್ಪು ನಂದೇ ಅನಿಸ್ತಿದೆ," ಎಂದಳು. "ಪಟ್ಟಿ ಲಾರ್ನಾಗೆ ಕೊಟ್ಟಿದ್ದೆ, ಅವರು ಬರೆದಿದ್ರು. ಅಷ್ಟೆಲ್ಲ ಇದ್ದೂ ಹೀಗಾಯ್ತು ಅಂದ್ರೆ ಜಾಗಾನೇ ಸರಿಯಿಲ್ಲ. ಧೂಳು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಂಗೆ ಆ ರಸ್ತೆ ಅರ್ಥ ಆಗಿಲ್ಲ. ಬಸ್ಸು ಲಾರ್ನಾಗೇ ವಾಪಸ್ ಕೊಡಿ."

"ಸರಿ ಅನ್ನೋರು ಕೈ ಎತ್ತಿ," ಎಂದ ನೆವಿಲ್.

ಕೈಗಳು ಏಳತೊಡಗಿದವು. ಲಾರ್ನಾ ಎರಡು ತಿಂಗಳಿಂದ ಕನಸಿನಲ್ಲಿ ಕಂಡದ್ದು ಇದೇ. ಅವಳಿಗೆ ಸಂತೋಷ ಆಯಿತು, ಸುಳ್ಳೇಕೆ. ಒಂದು ಗಳಿಗೆ ಒಳ್ಳೆಯ ಸಂತೋಷವೇ ಆಯಿತು. ಶೆಡ್ಡು ತುಂಬುತ್ತದೆ. ಮಕ್ಕಳು ಮತ್ತೆ ಮಿಸೆಸ್ ಶಿರ್ಮರ್ ಎನ್ನುತ್ತವೆ. ಆಮೇಲೆ ವಿನ್ನಿ ಮತ್ತೆ ಹೆದ್ದಾರಿ ದಾಟಬೇಕು ಎಂಬುದು ನೆನಪಾಯಿತು. ಆಚೆ ನಿಂತ ಇಮೋಜೆನ್ ಮಾಡದ ತಪ್ಪಿಗೆ ಅಳುತ್ತಿದ್ದಾಳೆ, ಹಿಂದೆ ಕೂತ ಗಂಡ ಓದಿದ್ದನ್ನು ಓದಿಲ್ಲವೆಂದು ಹೇಳಿ ಮುದುಕ ಎನಿಸಿಕೊಳ್ಳುತ್ತಿದ್ದಾನೆ. ಕೊನೆಯವರೆಗೂ ಏಳದೆ ಉಳಿದದ್ದು ಅವನ ಕೈಯೊಂದೇ.

"ಕೈ ಇಳಿಸಿ," ಎಂದಳು ಲಾರ್ನಾ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳು ಎದ್ದು ನಿಂತಳು.

"ಕೈ ಇಳಿಸಿ ಅಂದೆ. ಜಾಗ ಸರಿಯಾಗೇ ಇದೆ. ನಾನು ಹಲಗೆ ಮೇಲೆ ಬರೀಲಿಲ್ಲ. ಹಳೇದನ್ನೇ ಬರೆದೆ. ಬೇಕಂತಲೇ. ಕ್ಲೆಮ್ ಓದಿದ್ದ. ಓದಿದ್ದಕ್ಕೇ ಕೆಸ್ಲರ್ ಮೂಲೇಲಿ ನಿಧಾನ ಮಾಡಿದ. ಮಗು ಬಿದ್ದ ಮೇಲೆ ಹೋಗಿ ಅಳಿಸಿ ಹೊಸದು ಬರೆದೆ."

ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು.

"ಯಾಕೆ?" ಎಂದಳು ಇಮೋಜೆನ್. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ.

"ಹೊಟ್ಟೆಕಿಚ್ಚು," ಎಂದಳು ಲಾರ್ನಾ. "ಇನ್ನೇನು? ನಿನ್ನನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ."

ಇಮೋಜೆನ್ ಬೈಯಲಿಲ್ಲ. ಒಮ್ಮೆ ಅವಳ ಕಡೆ, ಒಮ್ಮೆ ಕೈಯಲ್ಲಿದ್ದ ನಕ್ಷೆಯ ಕಡೆ ನೋಡಿ ಕುಸಿದು ಕೂತಳು. ಎದ್ದವಳು ಟೀಗನ್. ಮೂರನೆಯ ಸಾಲಿನಿಂದ, ತೊಡೆಯ ಮೇಲೆ ಮಲಗಿದ್ದ ವಿನ್ನಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಮಗುವಿನ ಗಲ್ಲದ ಮೇಲೆ ಬಿಳಿ ಪಟ್ಟಿ.

"ಮಿಸೆಸ್ ಶಿರ್ಮರ್," ಎಂದಳು, ಶಾಲೆಯ ದಿನಗಳಲ್ಲಿ ಕರೆಯುತ್ತಿದ್ದಂತೆಯೇ. "ನಾನು ಆ ಟ್ಯಾಂಕಿನ ಹತ್ರ ಹನ್ನೊಂದು ವರ್ಷ ನಿಂತಿದ್ದೀನಿ. ಒಂದು ದಿನಾನೂ ರಸ್ತೆ ಕಡೆ ತಿರುಗಿ ನೋಡ್ಲಿಲ್ಲ. ಯಾಕೆ ನೋಡ್ಬೇಕು, ನೀವು ನೋಡ್ತೀರಲ್ಲ ಅಂತ. ಇವಳಿಗೂ ಅದನ್ನೇ ಹೇಳ್ಕೊಟ್ಟಿದ್ದೆ. ಬಸ್ಸು ಯಾರದಾದ್ರೂ ಇರ್ಲಿ, ಲಾರಿಯವ್ರಿಗೆಲ್ಲ ಮಿಸೆಸ್ ಶಿರ್ಮರ್ ಹೇಳಿರ್ತಾರೆ, ನೀನು ಹೆದರ್ಬೇಡ ಅಂತ. ಅದಕ್ಕೇ ಅವಳು ಲಾರಿ ಸದ್ದು ಕೇಳಿದ್ರೂ ಅಲ್ಲೇ ನಿಂತಿದ್ಲು."

ಲಾರ್ನಾ ಏನೋ ಹೇಳಲು ಹೋದಳು. ಟೀಗನ್ ಕೇಳಲು ನಿಲ್ಲಲಿಲ್ಲ. ಮಗುವನ್ನು ಎತ್ತಿಕೊಂಡು ಎರಡು ಸಾಲು ದಾಟಿ ಹೋಗಿ ಇಮೋಜೆನ್‌ಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು, ಅವಳ ಹೆಗಲ ಮೇಲೆ ಕೈ ಹಾಕಿದಳು.

ನೆವಿಲ್ ಏನನ್ನೋ ಓದತೊಡಗಿದ. ಲಾರ್ನಾ ನಿಂತೇ ಇದ್ದಳು, ಕೂತುಕೊ ಎಂದು ಯಾರೂ ಹೇಳಲಿಲ್ಲ. ಅಷ್ಟು ನಾಚಿಕೆಯಲ್ಲೂ ಅವಳ ಕಣ್ಣು ಆ ಕೈಯನ್ನು ಬಿಟ್ಟು ಕದಲಲಿಲ್ಲ. ಏಳು ವರ್ಷದ ಹುಡುಗಿಯಾಗಿದ್ದಾಗ ಹೆದ್ದಾರಿ ದಾಟಲು ದಿನಾ ತನ್ನ ಬೆರಳು ಹಿಡಿಯುತ್ತಿದ್ದ ಕೈ ಅದು, ಈಗ ಬೇರೆಯವಳ ಹೆಗಲ ಮೇಲಿತ್ತು, ಮತ್ತು ಲಾರ್ನಾಳ ಹೊಟ್ಟೆ ಆಗಲೂ ಉರಿಯಿತು.